ಮೂರನೇ ಕೀಲಿಕೈ

ಬೀಗದಣ್ಣನಿಗೆ ಯಾರಾದರೂ ನಮಸ್ಕಾರ ಹೇಳಿದರೆ ಅವನು ಮೊದಲು ಅವರ ಕೈ ನೋಡುತ್ತಿದ್ದ. ಖಾಲಿ ಕೈಯಾದರೆ ಸಾಲ ಕೇಳಲು ಬಂದವರು. ಕೈಯಲ್ಲಿ ಏನಾದರೂ ಇದ್ದರೆ ಅದನ್ನು ತನ್ನ ತಲೆಗೆ ಕಟ್ಟಲು ಬಂದವರು. ಈ ಎರಡೂ ಅಲ್ಲದ ಮನುಷ್ಯರೂ ಇರುತ್ತಾರೆಂಬ ನಂಬಿಕೆ ಐವತ್ತು ದಾಟಿದರೂ ಅವನಿಗೆ ಬಂದಿರಲಿಲ್ಲ. ಇದನ್ನೆಲ್ಲ ಲೆಕ್ಕ ಹಾಕಿ ಮುಗಿಸಿ ಅವನು ತಿರುಗಿ ನಮಸ್ಕಾರ ಹೇಳುವಷ್ಟರಲ್ಲಿ ಅವರು ಮೂಲೆ ತಿರುಗಿ ಹೋಗಿರುತ್ತಿದ್ದರು.

ಅವನ ಅಂಗಡಿಯೆಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿ. ನೆಟ್ಟಗೆ ನಿಂತರೆ ತಲೆ ಬಡಿಯುತ್ತದೆ, ಹಾಗಾಗಿ ದಿನವಿಡೀ ಕೂತೇ ಇರುತ್ತಿದ್ದ. ಎದುರಿಗೆ ಕೀಲಿಕೈ ಕೊರೆಯುವ ಸಣ್ಣ ಯಂತ್ರ, ಕೀಲಿಕೈಯನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಅಂಚು ಸವೆದ ವೈಸು, ಬಗೆಬಗೆಯ ಅರಗಳು. ಹಿಂದಿನ ಗೋಡೆಯ ತುಂಬ ಇನ್ನೂ ಹಲ್ಲು ಮೂಡದ ಕೀಲಿಕೈಗಳು. ಕಿವಿಯ ಹಿಂದೆ, ಅಂಗಿಯ ಕಾಲರಿನೊಳಗೆ, ತಿಂಡಿ ಡಬ್ಬಿಯ ಮುಚ್ಚಳದ ಮೇಲೆ ಎಲ್ಲೆಲ್ಲೂ ಹಿತ್ತಾಳೆಯ ಪುಡಿ. ತಲೆಯ ಮೇಲೆ ಅವನೇ ಬಣ್ಣ ಹಚ್ಚಿ ಬರೆದ ಬೋರ್ಡು: 'ಬೀಗ ತಂದರೆ ಮಾತ್ರ ಕೀಲಿಕೈ.'

ಆ ಬೋರ್ಡನ್ನು ಅವನು ತಮಾಷೆಗೆ ಹಾಕಿದ್ದಲ್ಲ. ಒಮ್ಮೆ ಇಸ್ತ್ರಿ ಮಾಡಿದ ಅಂಗಿಯ ಗೃಹಸ್ಥನೊಬ್ಬ ಬಂದು, ಸೋಪಿನ ಬಿಲ್ಲೆಯ ಮೇಲೆ ಒತ್ತಿ ತಂದ ಅಚ್ಚನ್ನು ತೋರಿಸಿ, ಇದರಂತೆ ಒಂದು ಕೀ ಮಾಡಿಕೊಡಿ ಎಂದಿದ್ದ. ಬೀಗದಣ್ಣ ಸೋಪನ್ನು ಕೈಗೆ ತೆಗೆದುಕೊಂಡ, ತಿರುಗಿಸಿ ನೋಡಿದ, ಮೂಲೆಯಲ್ಲಿದ್ದ ಚೊಂಬಿನ ನೀರು ಸುರಿದುಕೊಂಡು ಅದೇ ಸೋಪಿನಲ್ಲಿ ಎರಡೂ ಕೈ ಚೆನ್ನಾಗಿ ಉಜ್ಜಿ ತೊಳೆದು, ಉಳಿದ ಚೂರನ್ನು ಅವನ ಕೈಗಿಟ್ಟು, "ಒಳ್ಳೇ ಸೋಪು ಸ್ವಾಮಿ, ನೊರೆ ಚೆನ್ನಾಗಿ ಬರುತ್ತೆ" ಎಂದು ಕಳಿಸಿಕೊಟ್ಟಿದ್ದ. ಬೀದಿಯಲ್ಲಿ ಅವನ ಬಗ್ಗೆ ಏನೇ ನಗೆಯಾಡಿದರೂ ಮನೆ ಬೀಗ ಕೈಕೊಟ್ಟರೆ ಎಲ್ಲರೂ ಅವನನ್ನೇ ಕರೆಯುತ್ತಿದ್ದರು. ಬೇರೆಯವರ ಬಾಗಿಲಿಗೆ ಅವನು ದ್ರೋಹ ಮಾಡಿದವನಲ್ಲ.

ತನ್ನ ಮನೆಯ ಮಾತು ಬೇರೆ. ಎರಡೇ ಕೋಣೆಯ ಆ ಮನೆಯಲ್ಲಿ ಬೀಗ ಹಾಕಬಹುದಾದ ಪ್ರತಿಯೊಂದಕ್ಕೂ ಬೀಗವಿತ್ತು. ಬೀರುವಿಗೆ ಬೀಗ, ಬೀರುವಿನೊಳಗಿನ ಖಾನೆಗೆ ಬೀಗ, ಅಡುಗೆಮನೆಯ ಮೇಲಿನ ಕಪಾಟಿಗೆ ಬೀಗ. ಕೀಲಿಕೈಗಳೆಲ್ಲ ಅವನ ಸೊಂಟದ ಬಳೆಯಲ್ಲಿ. ಮನೆ ಖರ್ಚಿಗೆ ಬೇಕಾದಾಗ ಹೆಂಡತಿ "ರೀ..." ಎಂದು ರಾಗ ಎಳೆಯಬೇಕು, ಇವನು "ಯಾತಕ್ಕೆ?" ಎನ್ನಬೇಕು, ಅವಳು ಹೇಳಬೇಕು, ಇವನು ಬೀರು ತೆಗೆಯಬೇಕು. ಕೊಡದೆ ಇದ್ದವನಲ್ಲ. ಆದರೆ ಅವಳ ಬಾಯಿಂದ ಕೇಳಿಸದೆ ಕೊಟ್ಟವನೂ ಅಲ್ಲ.

ಕೆಲವು ವರ್ಷಗಳ ಹಿಂದೆ ಅವಳು ಹೊಲಿಗೆ ಶುರು ಮಾಡಿದಳು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಕಿತ್ತ ಜಿಪ್ಪು ಹಾಕುವುದು, ದಪ್ಪಗಾದವರ ಬಟ್ಟೆ ಬಿಚ್ಚಿ ಸಡಿಲ ಮಾಡುವುದು. ಬೀದಿಯ ತುಂಬ ಅಂಥ ಕೆಲಸಕ್ಕೇನು ಕಡಿಮೆ? ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಒಂದು ದಿನ, "ರೀ, ನಮ್ಮಮ್ಮನ ತಗಡಿನ ಟ್ರಂಕಿದೆಯಲ್ಲ, ಅದಕ್ಕೊಂದು ಬೀಗ ಹಾಕಿಕೊಡಿ" ಎಂದಳು. ಅವನು ತನ್ನಲ್ಲಿದ್ದದ್ದರಲ್ಲೇ ಒಳ್ಳೆಯ ಬೀಗ ಆರಿಸಿ, ಎಣ್ಣೆ ಬಿಟ್ಟು, ಟ್ರಂಕಿನ ಕೊಂಡಿಗೆ ಹಾಕಿ, ಎರಡು ಕೀಲಿಕೈಗಳನ್ನು ಅವಳ ಅಂಗೈಗಿಟ್ಟು, "ಇರೋದೇ ಇವೆರಡು. ಕಳೆದ್ರೆ ನಾನು ಜವಾಬ್ದಾರನಲ್ಲ" ಎಂದ. ಮೂರನೆಯದು ಅಷ್ಟರಲ್ಲಾಗಲೇ ಅವನ ಬನಿಯನ್ನಿನ ಒಳಜೇಬಿನಲ್ಲಿತ್ತು.

ಕದಿಯುವುದಕ್ಕೇನೂ ಅಲ್ಲ, ಆಣೆ ಮಾಡಿ ಹೇಳಬಹುದು. ಅವನು ಟ್ರಂಕಿನಿಂದ ಒಂದು ನೂಲಿನೆಳೆಯನ್ನೂ ತೆಗೆದವನಲ್ಲ. ತನ್ನ ಮನೆಯಲ್ಲಿ ತಾನು ತೆಗೆಯಲಾರದ ಬೀಗವೊಂದಿದೆ ಎಂದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ, ಅಷ್ಟೇ. ಅವಳು ಮನೆಯಲ್ಲಿಲ್ಲದ ಹೊತ್ತು ನೋಡಿ ತೆಗೆಯುತ್ತಿದ್ದ. ಅವಳ ಅಮ್ಮನ ದೊಡ್ಡ ಕತ್ತರಿ, ಎರಡು ರೇಷ್ಮೆ ಬಟ್ಟೆ, ಹೂವಿನ ಚಿತ್ತಾರದ ಬಟ್ಟೆ ಚೀಲದಲ್ಲಿ ಅವಳ ಹೊಲಿಗೆಯ ದುಡ್ಡು. ಎಲ್ಲ ಇದ್ದಲ್ಲೇ ಇದೆ ಎಂದು ಕಣ್ಣಾಡಿಸಿ ಮುಚ್ಚುತ್ತಿದ್ದ. ಗಂಡನಾದವನು ನೋಡಿದರೆ ತಪ್ಪೇನು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ತಪ್ಪಿಲ್ಲದಿದ್ದರೆ ಅವಳಿಲ್ಲದ ಹೊತ್ತು ಯಾಕೆ ನೋಡಬೇಕಿತ್ತು ಎಂದು ಮಾತ್ರ ಕೇಳಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಊರಿಗೆ ಫೋನಿನ ಪಾವತಿ ಬಂತು. ನೋಡನೋಡುತ್ತಿದ್ದಂತೆ ಅಂಗಡಿಗೊಂದು ಚೌಕದ ಚಿತ್ರ ಅಂಟಿಕೊಂಡಿತು. ಜನ ಫೋನೆತ್ತಿ ಅದರ ಮುಖಕ್ಕೆ ಹಿಡಿಯುವುದು, ಬೆರಳಾಡಿಸುವುದು, ನಡೆದುಬಿಡುವುದು. ಕೈ ಬದಲಾಗದೆ ದುಡ್ಡು ಬದಲಾಗುತ್ತದೆ ಎಂದರೆ ನಡುವೆ ಯಾವನೋ ಕೈಯಾಡಿಸುತ್ತಿದ್ದಾನೆ ಎಂದೇ ಅರ್ಥ, ಎಂದು ಬೀಗದಣ್ಣ ತೀರ್ಮಾನಿಸಿದ. ಮೊದಲ ಬೋರ್ಡಿನ ಕೆಳಗೆ ಎರಡನೆಯದನ್ನು ಬರೆದ: 'ಫೋನಿನ ಪಾವತಿ ಇಲ್ಲ.' ಆದರೂ ಜನ ಇದಕ್ಕೆ ಯಾಕೆ ಹೀಗೆ ಮುಗಿಬೀಳುತ್ತಾರೆ ಎಂಬ ಕುತೂಹಲ ತಡೆಯಲಾಗದೆ, ಬಂದ ಗಿರಾಕಿಗಳನ್ನೆಲ್ಲ ಕೇಳತೊಡಗಿದ.

ನಿವೃತ್ತ ಮೇಷ್ಟ್ರು ಹೇಳಿದರು, "ಕೈ ನಡುಗುತ್ತಪ್ಪ. ಚಿಲ್ಲರೆ ಎಣಿಸೋಕೆ ಹೋದ್ರೆ ಬೀಳುತ್ತೆ. ಹಿಂದೆ ನಿಂತವರು ಉಸ್ ಅಂತಾರೆ. ಈಗ ನೋಡು, ನಾನೂ ಹುಡುಗರ ಥರ ಟಕ್ ಅಂತ ಕೊಟ್ಟು ಹೋಗ್ತೀನಿ."

ಟ್ಯಾಕ್ಸಿಯವನು ಹೇಳಿದ, "ಅಣ್ಣ, ನನ್ನ ಜೇಬು ನೋಡಿದ್ರೆ ಸಾಕು, ಸ್ನೇಹಿತರಿಗೆಲ್ಲ ಕಷ್ಟ ನೆನಪಾಗುತ್ತೆ. ಈಗ ಜೇಬು ಹೊರಗೆಳೆದು ತೋರಿಸ್ತೀನಿ. ಇಲ್ಲ ಕಣ್ರೋ ಅಂತೀನಿ. ಸುಳ್ಳೂ ಅಲ್ಲ ನೋಡಿ!"

ತರಕಾರಿಯವಳು ಮಾತ್ರ ಸಿಡುಕಿದಳು. "ನಂಗೇನು ಆಸೇನಾ? ಪಕ್ಕದ ಗಾಡಿಯವನು ಹಾಕ್ಕೊಂಡ. ನಾ ಹಾಕ್ಕೊಳ್ದೆ ಇದ್ರೆ ಗಿರಾಕಿ ಅವನ ಕಡೆ ಹೋಗ್ತಾರೆ. ನೀನೂ ಹಾಕ್ಕೋತೀಯ ಬಿಡು, ಎಷ್ಟು ದಿನ ಮುಖ ಊದಿಸ್ಕೊಂಡಿರ್ತೀಯ?"

ಬೀಗದಣ್ಣನಿಗೆ ಯಾವ ಕಾರಣವೂ ಗಂಟಲಿಗಿಳಿಯಲಿಲ್ಲ. ಮೇಷ್ಟ್ರಿಗೆ ಶೋಕಿ, ಟ್ಯಾಕ್ಸಿಯವನಿಗೆ ಕಳ್ಳಬುದ್ಧಿ, ತರಕಾರಿಯವಳಿಗೆ ಹೆದರಿಕೆ. ಎಲ್ಲರೂ ಏನನ್ನೋ ಮುಚ್ಚಿಡುತ್ತಿದ್ದಾರೆ ಎನಿಸಿತು. ಅವನ ಪ್ರಕಾರ ಎಲ್ಲಿ ಮುಚ್ಚುವುದಿದೆಯೋ ಅಲ್ಲಿ ಮೋಸವಿದೆ. ಬೀಗ ಮಾರಿ ಹೊಟ್ಟೆ ಹೊರೆಯುವವನ ಬಾಯಲ್ಲಿ ಈ ಮಾತೇ! ಆದರೆ ಅವನಿಗೆ ನಗು ಬರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಹೆಂಡತಿ ಎರಡು ಮನೆಯಾಚೆ ಅಳತೆ ತೆಗೆದುಕೊಳ್ಳಲು ಹೋಗಿದ್ದಳು. ಬೀಗದಣ್ಣ ಅಭ್ಯಾಸದಂತೆ ಟ್ರಂಕು ತೆಗೆದ. ಕತ್ತರಿ ಇತ್ತು, ರೇಷ್ಮೆ ಬಟ್ಟೆಗಳಿದ್ದವು. ಹೂವಿನ ಚೀಲ ಚಪ್ಪಟೆಯಾಗಿತ್ತು. ಕೈ ಹಾಕಿದ. ಒಳಗೆ ಏನೂ ಇರಲಿಲ್ಲ.

ಚೀಲ ಸೊರಗುತ್ತಾ ಬಂದಿದ್ದನ್ನು ಅವನು ಕೆಲವು ತಿಂಗಳಿಂದ ಗಮನಿಸಿದ್ದ. ನೂಲು, ಗುಂಡಿ ಎಂದು ಖರ್ಚಾಗಿರಬೇಕು ಎಂದುಕೊಂಡಿದ್ದ. ಆದರೆ ಪೂರ್ತಿ ಖಾಲಿ? ಅವಳು ಹೊಲಿಯುವುದನ್ನು ಬಿಟ್ಟಿರಲಿಲ್ಲ. ಹೊಲಿಗೆ ಯಂತ್ರದ ಸದ್ದು ಬೆಳಿಗ್ಗೆ ಅವನು ಹೊರಡುವಾಗಲೂ ಇರುತ್ತಿತ್ತು, ಸಂಜೆ ಬರುವಾಗಲೂ ಇರುತ್ತಿತ್ತು. ಹಾಗಾದರೆ ದುಡ್ಡು ಎಲ್ಲಿ ಹೋಗುತ್ತಿದೆ? ತವರಿಗೆ ಕಳಿಸುತ್ತಿದ್ದಾಳಾ? ಯಾರಾದರೂ ಬೆದರಿಸಿ ಕೀಳುತ್ತಿದ್ದಾರಾ? ಮೂರನೆಯ ಯೋಚನೆ ಬಂದದ್ದೇ ಅವನು ಟ್ರಂಕಿನ ಮುಚ್ಚಳವನ್ನು ದಬಕ್ಕನೆ ಮುಚ್ಚಿದ. ಎಲ್ಲಾದರೂ ಕೂಡಿಡುತ್ತಿದ್ದಾಳಾ, ತನ್ನನ್ನು ಬಿಟ್ಟು ಹೋಗುವುದಕ್ಕೆ?

ಕೇಳಿಬಿಡೋಣವೆಂದರೆ ಹೇಗೆ ಕೇಳುವುದು? ಚೀಲ ಖಾಲಿಯಾಗಿದ್ದು ನಿಮಗೆ ಹೇಗೆ ಗೊತ್ತು ಎಂದು ಅವಳು ತಿರುಗಿ ಕೇಳಿದರೆ? ಬಿಸಿ ತುಪ್ಪದಂತೆ ಮಾತು ಬಾಯಲ್ಲೇ ಉಳಿಯಿತು, ಉಗುಳಲೂ ಆಗದೆ ನುಂಗಲೂ ಆಗದೆ. ಅವತ್ತು ಅವಳು ಬಂದು ಬಡಿಸಿದಾಗ ಅವನು ತಲೆ ತಗ್ಗಿಸಿ ತಿಂದ. "ಉಪ್ಪು ಜಾಸ್ತಿಯಾಯ್ತಾ?" ಎಂದಳು. "ಇಲ್ಲ" ಎಂದ.

ಅಲ್ಲಿಂದ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಅವಳು ಹಾಡು ಗುನುಗಿದರೆ ಯಾಕೆ ಇಷ್ಟು ಖುಷಿ ಎಂಬ ಅನುಮಾನ, ಸುಮ್ಮನಿದ್ದರೆ ಏನು ಹೊಂಚುತ್ತಿದ್ದಾಳೆ ಎಂಬ ಅನುಮಾನ. ಅಂಗಡಿಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಮನೆಗೆ ಬಂದು, "ಸ್ಕ್ರೂ ಮರೆತೆ" ಎನ್ನುತ್ತಿದ್ದ. ಅವಳು "ಮೊನ್ನೆ ಮರೆತಿದ್ದು ಸಿಕ್ತಾ?" ಎಂದು ಸೂಜಿಗೆ ನೂಲು ಪೋಣಿಸುತ್ತ ಕೇಳುತ್ತಿದ್ದಳು. ಅಷ್ಟೇ ಕೇಳಿದ್ದು, ಆದರೆ ಅವನು ಸ್ಕ್ರೂ ಹುಡುಕುವುದನ್ನೂ ಮರೆತು ಅಂಗಡಿಗೆ ಓಡುತ್ತಿದ್ದ.

ಗುಟ್ಟು ಹೊರಬಿದ್ದದ್ದು ಪಕ್ಕದ ಕನ್ನಡಕದಂಗಡಿಯವನ ಬಾಯಿಂದ. ಬೀಗದಣ್ಣನ ಬಳಿ ನೋಟಿಲ್ಲದೆ ಬಂದ ಗಿರಾಕಿಗಳು ಫೋನಿನಿಂದ ಅವನ ಚೌಕಕ್ಕೆ ದುಡ್ಡು ಹಾಕುವುದು, ಅವನು ಗಲ್ಲಾದಿಂದ ತೆಗೆದು ಬೀಗದಣ್ಣನಿಗೆ ಕೊಡುವುದು ನಡೆದಿತ್ತು. ಬೀಗದಣ್ಣ ಪ್ರತಿ ಸಲ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೊನೆಗೊಂದು ದಿನ ಕನ್ನಡಕದವನಿಗೆ ರೇಗಿತು.

"ನಿಂಗೆ ಉಪಕಾರ ಮಾಡಿದ್ದೂ ಅಲ್ದೆ ಕಳ್ಳನ ಥರ ನೋಡಿಸ್ಕೋಬೇಕಾ? ನೀನೇ ಫೋನಲ್ಲಿ ದುಡ್ಡು ತಗೊಳ್ಳೋ ಒಂದು ವ್ಯಾಲೆಟ್ ಮಾಡ್ಕೋ ಮಾರಾಯ. ಅತ್ತಿಗೆಗೆ ಬರೋದು ನಿಂಗೆ ಬರಲ್ವಾ?"

"ಯಾವ ಅತ್ತಿಗೆ?"

"ನಿನ್ನ ಹೆಂಡ್ತಿ ಕಣೋ. ನಮ್ಮವಳು ಅವರ ಹತ್ರಾನೇ ತಾನೆ ಹೊಲಿಸೋದು? ಯಾವ ಕಾಲದಿಂದಲೋ ಫೋನಲ್ಲೇ ಕೊಡ್ತಾಳೆ." ಬೀಗದಣ್ಣನ ಮುಖ ನೋಡಿ ಅವನ ದನಿ ಇಳಿಯಿತು. "ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನು? ಗೊತ್ತು" ಎಂದ ಬೀಗದಣ್ಣ. ಮುಖ ಮಾತ್ರ ಇಂಗು ತಿಂದ ಮಂಗನಂತಾಗಿತ್ತು.

ಸಂಜೆ ಅವಳು ಒಣಗಿದ ಬಟ್ಟೆ ತರಲು ಮಹಡಿಗೆ ಹೋದದ್ದೇ ತಡ, ಅವನು ಹೊಲಿಗೆ ಯಂತ್ರದ ಹತ್ತಿರ ಕೂತ. ಯಂತ್ರದ ಮರದ ಮುಚ್ಚಳವನ್ನು ತಿರುಗಿಸಿದ. ಒಳಬದಿಯಲ್ಲಿ ಅಚ್ಚುಕಟ್ಟಾಗಿ ಅಂಟಿಸಿದ ಚೌಕದ ಚಿತ್ರವಿತ್ತು. ಗಿರಾಕಿ ಬಂದಾಗ ಮುಚ್ಚಳ ತಿರುಗಿಸಿ ಇಡುತ್ತಾಳೆ, ಗಂಡ ಬರುವಾಗ ಯಂತ್ರದ ಮೇಲೆ ಮುಚ್ಚುತ್ತಾಳೆ. ಮೊದಲು ಅವನಿಗೆ ಆದದ್ದು ಸಮಾಧಾನ: ದುಡ್ಡು ಕಳೆದಿಲ್ಲ, ಯಾರೂ ಕಿತ್ತಿಲ್ಲ. ಅದರ ಬೆನ್ನಿಗೇ ಹಳೆಯ ಸಂಕಟ ಎದ್ದಿತು. ಯಾಕೆ ಮುಚ್ಚಿಟ್ಟಳು? ಎಷ್ಟಿದೆ? ಯಾತಕ್ಕೆ?

ಅವಳ ಫೋನು ದಾರದುಂಡೆಗಳ ನಡುವೆ ಬಿದ್ದಿತ್ತು. ಫೋನಿಗೆ ಬೀಗವಿರಲಿಲ್ಲ, ಒಳಗಿನ ವ್ಯಾಲೆಟ್ ಮಾತ್ರ ನಾಲ್ಕು ಅಂಕಿಯ ಗುಟ್ಟಿನ ಸಂಖ್ಯೆ ಕೇಳಿತು. ಬೀಗದಣ್ಣನ ಬೆರಳಿಗೆ ತುರಿಕೆ ಹತ್ತಿತು. ಕಿವಿಯಿಟ್ಟು ಕೇಳಿ ತಿಜೋರಿ ತೆಗೆದ ಕೈ ಅದು. ಮದುವೆಯಾದ ವರ್ಷ ಒತ್ತಿದ. ತಪ್ಪು ಎಂದಿತು. ಅವಳು ಹುಟ್ಟಿದ ವರ್ಷ ಒತ್ತಬೇಕೆಂದರೆ ಅದು ಸರಿಯಾಗಿ ನೆನಪಿಲ್ಲ. ಅಂದಾಜಿನ ಮೇಲೆ ಒತ್ತಿದ. ತಪ್ಪು. ಇನ್ನೇನಿರಬಹುದು? ಅವಳಿಗೆ ಯಾವ ಅಂಕಿ ಇಷ್ಟ, ಯಾವ ದಿನ ಮುಖ್ಯ, ಯಾವುದನ್ನು ಅವಳು ಮರೆಯುವುದಿಲ್ಲ? ಇಷ್ಟು ವರ್ಷ ಅವಳ ಟ್ರಂಕಿನೊಳಗಿನ ಪ್ರತಿ ವಸ್ತು ಬಲ್ಲವನಿಗೆ ಇದೊಂದೂ ಗೊತ್ತಿರಲಿಲ್ಲ. ಮನೆ ನಂಬರಿನ ಹಿಂದೆ ಎರಡು ಸೊನ್ನೆ ಸೇರಿಸಿ ಒತ್ತಿದ. ತೆರೆ ಕೆಂಪಾಯಿತು. ತಪ್ಪು ಸಂಖ್ಯೆಯ ಕಾರಣ ವ್ಯಾಲೆಟ್ ನಾಳೆಯವರೆಗೆ ತೆರೆಯುವುದಿಲ್ಲ ಎಂದು ಬರೆದು ತೋರಿಸಿತು.

ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ ಕೇಳಿತು. ಫೋನನ್ನು ಇದ್ದಲ್ಲೇ ಇಟ್ಟು, ಕಾಲು ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ತಿರುಗಿದ. ಅವಳು ರಾತ್ರಿಯವರೆಗೂ ಫೋನು ಮುಟ್ಟಲಿಲ್ಲ.

ಮರುದಿನ ಅಂಗಡಿಯ ಮುಂದೆ ನೆರಳು ಬಿದ್ದಾಗ ಬೀಗದಣ್ಣ ಎಂದಿನಂತೆ ಮೊದಲು ಕೈ ನೋಡಿದ. ಕೈಯಲ್ಲೊಂದು ಬೀಗವಿತ್ತು. ಆಮೇಲೆ ಬಳೆ ಗುರುತಾಯಿತು. ಹೆಂಡತಿ ಅವನ ಅಂಗಡಿಗೆ ಬಂದವಳೇ ಅಲ್ಲ.

"ಏನೇ ಇದು, ಇಲ್ಲಿಗೆ?"

ಅವಳು ಟ್ರಂಕಿನ ಬೀಗವನ್ನು ಹಲಗೆಯ ಮೇಲಿಟ್ಟಳು. "ಇದಕ್ಕೊಂದು ಕೀ ಬೇಕಿತ್ತು."

"ನಿನ್ ಹತ್ರ ಎರಡಿದೆಯಲ್ಲ?"

"ನನಗಲ್ಲ, ನಿಮಗೆ. ಇಷ್ಟು ವರ್ಷ ತೆಗೆದೂ ತೆಗೆದೂ ನಿಮ್ದು ಸವೆದಿರಬೇಕು." ಬೋರ್ಡಿನ ಕಡೆ ಕತ್ತೆತ್ತಿ ನೋಡಿದಳು. "ಬೀಗ ತಂದ್ರೆ ಮಾತ್ರ ಮಾಡ್ತೀರಂತಲ್ಲ. ತಂದಿದ್ದೀನಿ."

"ಯಾರು ಹೇಳಿದ್ರು ನಿಂಗೆ?"

"ದಾರ ಹೇಳ್ತು." ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವನನ್ನು ಹೆಚ್ಚು ಹೆದರಿಸಿತು. "ಮುಚ್ಚಳಕ್ಕೂ ಟ್ರಂಕಿಗೂ ಸೇರಿಸಿ ಪಕ್ಕದಲ್ಲಿ ಒಂದೆಳೆ ದಾರ ಕಟ್ಟಿಡ್ತಿದ್ದೆ. ಸುಮ್ನೆ, ನೋಡೋಣ ಅಂತ. ಪ್ರತಿ ಸಲ ಹರಿದಿರ್ತಿತ್ತು. ನಾನು ಮತ್ತೆ ಕಟ್ತಿದ್ದೆ. ನಿಮಗೆ ಒಂದು ಸಲಾನೂ ಕಾಣಲಿಲ್ವಾ?"

ಕಂಡಿರಲಿಲ್ಲ. ಬೀಗದವನು ಬೀಗ ನೋಡುತ್ತಾನೆ. ಬೀಗದ ಗೀರು, ಕೊಂಡಿಯ ಸವೆತ, ಕೀಲಿಕೈ ತಿರುಗುವ ಬಿಗಿ ಎಲ್ಲ ಅವನಿಗೆ ಗೊತ್ತು. ಮುಚ್ಚಳದ ಪಕ್ಕದಲ್ಲಿದ್ದ ದರ್ಜಿಯವಳ ಒಂದೆಳೆ ದಾರವನ್ನು ಅವನು ಪ್ರತಿ ಸಲ ತನ್ನ ಕೈಯಾರೆ ಹರಿದಿದ್ದ, ಪ್ರತಿ ಸಲ ಅವಳಿಗೆ ಸುದ್ದಿ ಮುಟ್ಟಿಸಿದ್ದ.

"ನಾನು ಏನೂ ತಗೊಂಡಿಲ್ಲ ಕಣೇ" ಎಂದ.

"ಗೊತ್ತು. ತಗೊಂಡಿದ್ರೆ ಜಗಳ ಆಡ್ತಿದ್ದೆ. ನೋಡಿ ನೋಡಿ ಇಡೋರ ಹತ್ರ ಏನಂತ ಜಗಳ ಆಡೋದು?" ಅವಳು ಸೆರಗಿನ ತುದಿಯಿಂದ ಹಲಗೆಯ ಮೇಲಿನ ಹಿತ್ತಾಳೆ ಪುಡಿ ಒರೆಸಿದಳು. "ಅಕ್ಕಪಕ್ಕದವರೆಲ್ಲ ಅದು ಸುಲಭ, ಇದು ಸುಲಭ ಅಂತ ವ್ಯಾಲೆಟ್ ಹಾಕ್ಕೊಂಡ್ರು. ನಾನು ಹಾಕ್ಕೊಂಡಿದ್ದು ಒಂದೇ ಕಾರಣಕ್ಕೆ. ಅದರ ಕೀ ನೀವು ಮಾಡೋಕಾಗಲ್ಲ. ನಿನ್ನೆ ಅದನ್ನೂ ಮುಟ್ಟಿದ್ರಿ, ರಾತ್ರಿ ನೋಡಿದ್ರೆ ನಂಗೇ ತೆಗೆಯೋಕಾಗಲಿಲ್ಲ."

ಮೆಟ್ಟಿಲ ಮೇಲೆ ಯಾರೋ ಧಡಧಡ ಹತ್ತಿ ಹೋದರು. ಅವನ ತಲೆಯ ಮೇಲೆ ಧೂಳು ಉದುರಿತು. ಕೊನೆಗೆ ಅವನು ಕೇಳಿದ್ದು ಇಷ್ಟೇ: "ನನ್ ಬಿಟ್ಟು ಹೋಗೋಕೆ ಕೂಡಿಡ್ತಿದ್ದೀಯಾ?"

ಅವಳು ಅವನನ್ನು ದಿಟ್ಟಿಸಿ ನೋಡಿದಳು, ಇಂಥ ಪೆದ್ದನ ಜೊತೆ ಇಷ್ಟು ಕಾಲ ಬಾಳಿದೆನಾ ಎನ್ನುವಂತೆ. "ಯಾತಕ್ಕೂ ಇಲ್ಲ. ನನ್ನದು ಅಂತ ಒಂದಿರಲಿ, ಅದನ್ನ ಯಾರೂ ತೆಗೆದು ನೋಡದೆ ಇರಲಿ, ಅಷ್ಟೇ. ಹೋಗೋದಿದ್ರೆ ಬೀಗ ತಗೊಂಡು ನಿಮ್ಮಂಗಡಿಗೆ ಬರ್ತಿದ್ನಾ?"

ಬೀಗದಣ್ಣ ಬನಿಯನ್ನಿನೊಳಗೆ ಕೈ ಹಾಕಿ ಮೂರನೇ ಕೀಲಿಕೈ ತೆಗೆದ. ಬೆವರಿಗೆ ಕಪ್ಪಾಗಿತ್ತು. ಅವಳ ಕಡೆ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ. ಆಗ ಅವನು ಅದನ್ನು ವೈಸಿಗೆ ಸಿಕ್ಕಿಸಿ, ದಪ್ಪ ಅರ ತೆಗೆದುಕೊಂಡು, ಹಲ್ಲುಗಳನ್ನೆಲ್ಲ ತಿಕ್ಕಿ ಸಪಾಟು ಮಾಡಿದ. ಮುಗಿಯುವವರೆಗೆ ಅವಳು ನಿಂತು ನೋಡಿದಳು. ಆಮೇಲೆ ಬೀಗವನ್ನು ಎತ್ತಿಕೊಂಡು, "ಊಟಕ್ಕೆ ಬೇಗ ಬನ್ನಿ, ಆರಿ ಹೋಗುತ್ತೆ" ಎಂದು ಹೊರಟಳು.

ಮನೆಯಲ್ಲಿ ಆಮೇಲೆ ಜಗಳವಾಗಲಿಲ್ಲ. ಆಗಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಎಂದಿನಂತೆ ಬಡಿಸಿದಳು, ಮಾತಾಡಿದಳು. ಫೋನನ್ನು ಮಾತ್ರ ದಾರದುಂಡೆಗಳ ನಡುವೆ ಬಿಡದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳತೊಡಗಿದಳು. ಅವನು ಕೋಣೆಗೆ ಬಂದರೆ ಅವಳ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಇಡೀ ಊರನ್ನು ಅನುಮಾನದಿಂದ ನೋಡಿದವನನ್ನು ಅದೇ ಕಣ್ಣಿನಿಂದ ನೋಡುವವರು ಈಗ ಮನೆಯಲ್ಲೇ ಇದ್ದರು. ಅದು ಎಷ್ಟು ನೋಯುತ್ತದೆಂದು ಅವನಿಗೆ ಮೊದಲ ಸಲ ಗೊತ್ತಾಯಿತು.

ಒಂದು ಭಾನುವಾರ ಅವನು ಅಡುಗೆಮನೆ ಕಪಾಟಿನ ಬೀಗ ಬಿಚ್ಚಿ ಡಬ್ಬಿಗೆ ಹಾಕಿದ. ಖಾನೆಯದನ್ನೂ ಬಿಚ್ಚಿದ. ಬೀರುವಿನ ಕೀಲಿಕೈಯನ್ನು ಸೊಂಟದ ಬಳೆಯಿಂದ ಬಿಡಿಸಿ ಗೋಡೆಯ ಮೊಳೆಗೆ ನೇತುಹಾಕಿದ. ಅವಳು ನೋಡಿಯೂ ನೋಡದಂತೆ ಹೊಲಿಯುತ್ತಿದ್ದಳು. ಅವನು ತನ್ನ ಫೋನು ಹಿಡಿದು ಯಂತ್ರದ ಪಕ್ಕ ಬಂದು ಕೂತ.

"ನಂಗೂ ಅದನ್ನ ಹಾಕಿಕೊಡು."

ಯಂತ್ರ ನಿಂತಿತು. "ಯಾಕೆ?"

ಅವಳು ಕೇಳಿದ ರೀತಿಯಲ್ಲೇ ಅವನಿಗೆ ಅರ್ಥವಾಯಿತು. ತನ್ನದನ್ನು ಹೇಗೆ ತೆಗೆಯುವುದೆಂದು ಕಲಿಯಲು ಬಂದಿದ್ದಾನೆ ಎಂದು ಅವಳ ಅನುಮಾನ. ತರಕಾರಿಯವಳಂತೆ ಗಿರಾಕಿ ಹೋಗುತ್ತಾರೆ ಎನ್ನಬಹುದಿತ್ತು. ಕನ್ನಡಕದವನು ಬೈದ ಎನ್ನಬಹುದಿತ್ತು. 'ನಿನ್ನ ಪಕ್ಕ ಸ್ವಲ್ಪ ಹೊತ್ತು ಕೂರೋಣ ಅಂತ ಬಂದೆ' ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಸುಮ್ನೆ" ಎಂದ.

ಅವಳು ಮೊಳೆಗೆ ನೇತುಬಿದ್ದ ಬೀರುವಿನ ಕೀಲಿಕೈ ಕಡೆ ಒಮ್ಮೆ ನೋಡಿದಳು. ಆಮೇಲೆ ಫೋನು ತೆಗೆದುಕೊಂಡು ಒಂದೊಂದೇ ತೋರಿಸಿ ಮಾಡಿಕೊಟ್ಟಳು. ಕನ್ನಡಕ ಏರಿಸಿ, ಅಕ್ಷರ ಓದಿ ಹೇಳಿ, ಅವನ ದಪ್ಪ ಬೆರಳು ತಪ್ಪು ಕಡೆ ಒತ್ತಿದಾಗ ಬೈದು. ಕೊನೆಗೆ ಫೋನನ್ನು ಅವನ ಅಂಗೈಗಿಟ್ಟಳು.

"ಈಗ ಗುಟ್ಟಿನ ನಂಬರ್ ಕೇಳ್ತಿದೆ. ನಾಲ್ಕು ಅಂಕಿ. ನೀವೇ ಒತ್ತಿ. ಎಲ್ಲೂ ಬರೆದಿಡಬೇಡಿ, ಯಾರಿಗೂ ಹೇಳಬೇಡಿ. ನಂಗೂ ಹೇಳಬೇಡಿ."

ಹಾಗೆಂದು ಅವಳು ಸ್ಟೂಲಿನ ಮೇಲೆ ಪೂರ್ತಿ ತಿರುಗಿ ಗೋಡೆಗೆ ಮುಖ ಮಾಡಿ ಕೂತಳು.

ಬೀಗದಣ್ಣ ಫೋನು ನೋಡಲಿಲ್ಲ. ಅವಳ ಬೆನ್ನು ನೋಡಿದ, ಕತ್ತಿನ ಮೇಲೆ ಅಂಟಿದ್ದ ದಾರದ ಚೂರು ನೋಡಿದ. ಇಷ್ಟು ವರ್ಷದಲ್ಲಿ ತಾನು ಅವಳಿಗಾಗಿ ಒಂದು ಸಲವೂ ಹೀಗೆ ಮುಖ ತಿರುಗಿಸಿರಲಿಲ್ಲ. ಫೋನಿನ ಕಡೆ ತಿರುಗಿದರೆ ನಾಚಿಕೆಯಿಂದ ಅವನ ಕಣ್ಣು ಮಂಜಾಗಿ ಅಂಕಿಗಳು ಒಂದರ ಮೇಲೊಂದು ಕಲಸಿಕೊಂಡವು.

"ಆಯ್ತಾ?" ಎಂದಳು ಗೋಡೆಯ ಕಡೆಯಿಂದಲೇ.

"ಇಲ್ಲ. ಸ್ವಲ್ಪ ಹಾಗೇ ಇರು" ಎಂದ.

ಅವಳು ತಿರುಗದೆ ಹಾಗೇ ಕೂತಿದ್ದಳು.